ಕಕಾಡು ರಸ್ತೆ ಪ್ರವಾಸ: ಯಾವ ತಿಂಗಳು, ಯಾವ ಗಾಡಿ, ಯಾವ ದಾರಿ?

ಜೌಗು, ಮೊಸಳೆ, ಹಕ್ಕಿ, ಮೂಲನಿವಾಸಿಗಳ ಬಂಡೆಚಿತ್ರ ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕು ಅನ್ನುವವರು ಕೊನೆಗೆ ಬಂದು ನಿಲ್ಲುವುದು ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಕಕಾಡು ರಾಷ್ಟ್ರೀಯ ಉದ್ಯಾನದ ಹೆಸರಿನ ಮುಂದೆ. ಗೊಂದಲ ಶುರುವಾಗುವುದೂ ಅಲ್ಲೇ. ಟೆರಿಟರಿಯ ರಾಜಧಾನಿ ಡಾರ್ವಿನ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕೇ? ಮೂರು ದಿನ ಇಡಬೇಕೇ, ವಾರವೇ ಬೇಕೇ? ಮಾಮೂಲಿ ಕಾರು ನಡೆಯುತ್ತದೆಯೇ, ದುಡ್ಡು ಸುರಿದು ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಬೇಕೇ? ಕಕಾಡು ಸುಮಾರು 20,000 ಚದರ ಕಿಲೋಮೀಟರ್ ಇದೆ, ಅಂದರೆ ಕರ್ನಾಟಕದ ಹತ್ತರಲ್ಲಿ ಒಂದು ಪಾಲು. ಆದ್ದರಿಂದ "ಎಲ್ಲ ನೋಡಿಬಿಡೋಣ" ಅನ್ನುವ ಲೆಕ್ಕ ಇಲ್ಲಿ ಕೂಡುವುದಿಲ್ಲ. ಯಾವುದನ್ನು ಬಿಡುವುದು ಅಂತ ತೀರ್ಮಾನಿಸಲೇಬೇಕು.

ಬಾಡಿಗೆ ಕೌಂಟರ್‌ನಲ್ಲಿ ಯಾರೂ ಹೇಳದ ಒಂದು ವಿಷಯ ಮೊದಲೇ ತಿಳಿದಿರಲಿ. ಬಂಡೆಚಿತ್ರಕ್ಕೂ ಜೌಗಿಗೂ ಫೋರ್ ವೀಲ್ ಡ್ರೈವ್ ಬೇಕಿಲ್ಲ. ಬಂಡೆಚಿತ್ರದ ಉಬಿರ್, ಬುರುಂಗ್ಕುಯ್, ಜೌಗಿನ ಮಮುಕಲಾ, ಯೆಲ್ಲೋ ವಾಟರ್, ಈ ನಾಲ್ಕಕ್ಕೂ ಡಾಂಬರು ರಸ್ತೆ ಇದೆ. ದೊಡ್ಡ ಗಾಡಿ ಬೇಕಾಗುವುದು ಜಲಪಾತಗಳಿಗೆ ಮಾತ್ರ. ಜಲಪಾತವೋ, ವರ್ಷದ ಬಹುಪಾಲು ದಾರಿ ಮುಚ್ಚಿರುತ್ತದೆ, ಇಲ್ಲವೇ ನೀರು ಇಳಿದುಹೋಗಿರುತ್ತದೆ.

ಏನನ್ನು ಇಟ್ಟುಕೊಂಡು ಅಳೆಯಬೇಕು

ಮೊದಲ ಅಳತೆ ತಿಂಗಳು. ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ನೀರಿನ ಮಟ್ಟ. ಎರಡನೆಯದು ಬಾಡಿಗೆ ಕರಾರಿನಲ್ಲಿ ಮಣ್ಣುರಸ್ತೆ, ರಾತ್ರಿ ಓಡಾಟ, ದಿನದ ಕಿಲೋಮೀಟರ್ ಮಿತಿ ಕುರಿತು ಏನು ಬರೆದಿದೆ ಅನ್ನುವುದು. ಮೂರನೆಯದು ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು. ನೋಡಲೇಬೇಕಾದ ಎರಡು ಸಂಗತಿಗಳಲ್ಲಿ ಒಂದು (ಉಬಿರ್) ಸೂರ್ಯಾಸ್ತಕ್ಕೆ ಸೇರಿದ್ದು, ಇನ್ನೊಂದು (ಯೆಲ್ಲೋ ವಾಟರ್) ಸೂರ್ಯೋದಯಕ್ಕೆ. ಎರಡರ ನಡುವೆ 90 ಕಿಲೋಮೀಟರ್‌ಗೂ ಹೆಚ್ಚು ದೂರವಿದೆ. ಇವು ಮೂರೂ ಗೊತ್ತಾದ ಮೇಲೆ, ಜೊತೆಯಲ್ಲಿ ಬರುವವರ ಮೊಣಕಾಲು ಎಷ್ಟು ಗಟ್ಟಿ, ಕೈಯಲ್ಲಿ ಎಷ್ಟು ದುಡ್ಡಿದೆ ನೋಡಿಕೊಂಡರೆ ಆಯಿತು.

ತಿಂಗಳು ಮೊದಲು

ಈ ನೆಲದ ಒಡೆಯರಾದ ಬಿನಿಂಜ್ ಮತ್ತು ಮುಂಗುಯ್ ಜನ ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ. ಪ್ರವಾಸಿ ಕರಪತ್ರಗಳು "ಮಳೆಗಾಲ, ಒಣಗಾಲ" ಎಂದು ಎರಡೇ ಹೇಳಿ ಮುಗಿಸುತ್ತವೆ. ಯೋಜನೆ ಹಾಕುವವರಿಗೆ ಅದು ಸಾಲದು. ಮೇ ತಿಂಗಳೂ ಸೆಪ್ಟೆಂಬರೂ ಒಣಗಾಲವೇ, ಆದರೂ ಎರಡರಲ್ಲಿ ನೋಡಲು ಸಿಗುವುದು ಬೇರೆಬೇರೆ.

ಮೇ, ಜೂನ್ ಹೊತ್ತಿಗೆ, ಅಂದರೆ ಯೆಗ್ಗೆ ಋತುವಿನಲ್ಲಿ, ಮಳೆ ನಿಂತು ಗಾಳಿ ಒಣಗುತ್ತದೆ, ನದಿ ಬಿಟ್ಟುಹೋದ ಮಡುಗಳಾದ ಬಿಲ್ಲಬಾಂಗ್‌ಗಳ ತುಂಬ ನೈದಿಲೆ. ನೀರು ಇನ್ನೂ ಎಲ್ಲೆಡೆ ಹರಡಿರುವುದರಿಂದ ಹಕ್ಕಿಗಳೂ ಮೊಸಳೆಗಳೂ ಚದುರಿರುತ್ತವೆ. ಈ ಹೊತ್ತಿನಲ್ಲಿ ರಸ್ತೆ ಬದಿ ಹೊಗೆ ಕಂಡರೆ ಗಾಬರಿ ಬೇಡ. ವರ್ಷದ ಕೊನೆಯ ದೊಡ್ಡ ಕಾಳ್ಗಿಚ್ಚು ತಪ್ಪಿಸಲು ತಂಪು ದಿನಗಳಲ್ಲೇ ಹುಲ್ಲಿಗೆ ಸಣ್ಣ ಬೆಂಕಿ ಇಡುವುದು ಇಲ್ಲಿನ ಹಳೆಯ ಪದ್ಧತಿ. ಪಾರ್ಕಿನವರೂ ಅದನ್ನೇ ಅನುಸರಿಸುತ್ತಾರೆ.

ಜುಲೈ, ಆಗಸ್ಟ್ ವುರ್ಗೆಂಗ್. ರಾತ್ರಿ ಹಿತವಾದ ತಂಪು, ಬಹುತೇಕ ದಾರಿಗಳೆಲ್ಲ ತೆರೆದಿರುತ್ತವೆ, ಜನಜಂಗುಳಿಯೂ ಬಾಡಿಗೆಯೂ ತುದಿ ಮುಟ್ಟಿರುತ್ತವೆ. ಆಸ್ಟ್ರೇಲಿಯಾದ ಶಾಲಾ ರಜೆ ಬೀಳುವುದೂ ಜೂನ್ ಕೊನೆ, ಜುಲೈನಲ್ಲೇ.

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಗುರುಂಗ್. ಸೆಕೆ ಏರುತ್ತದೆ, ನೆಲ ಒಣಗಿ ಬಿರಿಯುತ್ತದೆ, ಉಳಿದ ಸ್ವಲ್ಪ ನೀರಿಗೆ ಎಲ್ಲ ಪ್ರಾಣಿಗಳೂ ಬಂದು ಸೇರುತ್ತವೆ. ಮಮುಕಲಾದಲ್ಲಿ ಮ್ಯಾಗ್‌ಪೈ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುವುದು ಆಗ. ಹಕ್ಕಿ ಫೋಟೋ ತೆಗೆಯುವವರು ಬೇರೆ ಯೋಚನೆ ಮಾಡದೆ ಸೆಪ್ಟೆಂಬರ್ ಆರಿಸಿಕೊಳ್ಳಬಹುದು. ಜಲಪಾತದ ಆಸೆ ಇಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಮಾತ್ರ ನಿರಾಸೆ. ಜಿಮ್ ಜಿಮ್ ಜಲಪಾತದಲ್ಲಿ ಆಗ ಬರಿ ಬಂಡೆಗೋಡೆ, ಕೆಳಗೊಂದು ಮಡು.

ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗಿನ ಗುನುಮೆಲೆಂಗ್ ಮೈ ಹಿಂಡುವ ಕಾಲ. ಪಾದರಸ 37 ಡಿಗ್ರಿ ದಾಟುತ್ತದೆ, ಬೆವರು ಆರುವುದಿಲ್ಲ. ಸಂಜೆಯ ಗುಡುಗು ಮಿಂಚು ಮಾತ್ರ ಅದ್ಭುತ. ಜನವರಿಯಿಂದ ಮಾರ್ಚ್‌ವರೆಗಿನ ಗುಜೆವ್ಗ್ ಅಸಲಿ ಮುಂಗಾರು. ಉಬಿರ್ ದಾರಿ ಮಗೇಲಾ ಹೊಳೆಯಲ್ಲಿ ಮುಳುಗುವುದುಂಟು, ಮಣ್ಣುರಸ್ತೆಗಳೆಲ್ಲ ಬಂದ್. ಜಿಮ್ ಜಿಮ್ ಭೋರ್ಗರೆಯುವುದು ಈಗಲೇ, ಆದರೆ ನೋಡಬೇಕೆಂದರೆ ಸಣ್ಣ ವಿಮಾನ ಹತ್ತಬೇಕು. ಬುರುಂಗ್ಕುಯ್ ಸಾಮಾನ್ಯವಾಗಿ ತೆರೆದೇ ಇರುತ್ತದೆ, ಕೋಣೆ ಅಗ್ಗ, ಪ್ರವೇಶ ಶುಲ್ಕವೂ ಕಡಿಮೆ. ಇನ್ನು ಏಪ್ರಿಲ್, ಬಂಗೆರೆಂಗ್, ಬಿರುಗಾಳಿ ಬಂದು ಎತ್ತರದ ಹುಲ್ಲನ್ನು ನೆಲಕ್ಕೆ ಮಲಗಿಸುವ ತಿಂಗಳು.

ಕರ್ನಾಟಕದಿಂದ ಮಕ್ಕಳ ರಜೆ ನೋಡಿ ಬರುವವರಿಗೆ ಎರಡೇ ದಾರಿ. ಬೇಸಿಗೆ ರಜೆಯಾದರೆ ಮೇ ಕೊನೆಯ ವಾರದ ಹತ್ತಿರಕ್ಕೆ ತಳ್ಳಿ. ದಸರಾ ರಜೆಯಾದರೆ ಸೆಕೆಗೆ ತಯಾರಾಗಿ, ಹಕ್ಕಿಗಳ ಲಾಭ ಪಡೆಯಿರಿ. ಏಪ್ರಿಲ್‌ನಲ್ಲಿ ಬಂದರೆ ಅರ್ಧ ಜಾಗ ಮುಚ್ಚಿರುತ್ತದೆ.

ಮೊದಲ ಆಯ್ಕೆ: ಡಾರ್ವಿನ್‌ನಿಂದ ಒಂದೇ ದಿನ

ಒಂದೇ ದಿನ ಇದ್ದರೆ ಕಕಾಡು ಬಿಟ್ಟುಬಿಡುವುದೇ ಜಾಣತನ. ಡಾರ್ವಿನ್‌ನಿಂದ ಪಾರ್ಕಿನ ಮಧ್ಯದ ಊರು ಜಬಿರುಗೆ ಸುಮಾರು 250 ಕಿ.ಮೀ. ಹೋಗಿ ಬರುವುದಕ್ಕೇ ಆರು ಗಂಟೆ ಹೋಗುತ್ತದೆ. ಬಸ್ ಟೂರ್‌ಗಳು ಬೆಳಿಗ್ಗೆ ಆರಕ್ಕೆ ಹೊರಡಿಸಿ ರಾತ್ರಿ ಮರಳಿಸುತ್ತವೆ, ಬಂಡೆಚಿತ್ರದ ಮುಂದೆ ನಿಲ್ಲಿಸುವುದು ನಡುಮಧ್ಯಾಹ್ನ. ನೋಡಿದೆವು ಅನ್ನುವ ಸಮಾಧಾನ ಸಿಗುತ್ತದೆ, ಅಷ್ಟೆ.

ಅದರ ಬದಲು ಆರ್ನೆಮ್ ಹೆದ್ದಾರಿಯಲ್ಲಿ ಅರ್ಧ ದಾರಿಗೇ ನಿಲ್ಲಿ. ಸುಮಾರು 70 ಕಿ.ಮೀ.ಗೆ ಫಾಗ್ ಡ್ಯಾಮ್ ಸಿಗುತ್ತದೆ. 1950ರ ದಶಕದಲ್ಲಿ ಹಂಪ್ಟಿ ಡೂ ಭತ್ತದ ಯೋಜನೆಗೆಂದು ಕಟ್ಟಿದ ಒಡ್ಡು ಅದು. ಭತ್ತ ಸೋತಿತು, ನೀರು ಹಕ್ಕಿಗಳ ಪಾಲಿಗೆ ಉಳಿಯಿತು. ಒಡ್ಡಿನ ಮೇಲೆ ಕಾರಿನಲ್ಲೇ ಹೋಗಬೇಕು, ಮೊಸಳೆ ಕಾಟದಿಂದ ನಡೆಯಲು ಬಿಡುವುದಿಲ್ಲ. ಬೆಳಿಗ್ಗೆ ಏಳರೊಳಗೆ ಅಲ್ಲಿರಿ. ಅಲ್ಲಿಂದ ಮುಂದೆ ಮೇರಿ ನದಿಯ ಕೊರೊಬೊರಿ ಬಿಲ್ಲಬಾಂಗ್‌ನಲ್ಲಿ ದೋಣಿ ಹತ್ತಿ. ಉಪ್ಪುನೀರ ಮೊಸಳೆಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಮೇರಿ ನದಿಯೂ ಒಂದು. ಕೋಲಿಗೆ ಮಾಂಸ ಕಟ್ಟಿ ಮೊಸಳೆಯನ್ನು ನೆಗೆಸಿ ತೋರಿಸುವ ದೋಣಿಗಳೂ ಆಚೀಚೆ ಇವೆ. ಮಕ್ಕಳಿಗೆ ಮೋಜು, ಆದರೆ ಮೊಸಳೆ ಹೇಗೆ ಬದುಕುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಜೌಗು ಮತ್ತು ಪ್ರಾಣಿ ಮಟ್ಟಿಗೆ ಈ ದಿನ ಪೂರ್ತಿ ಅಂಕ ಪಡೆಯುತ್ತದೆ, ಖರ್ಚೂ ಅತಿ ಕಡಿಮೆ. ಬಂಡೆಚಿತ್ರ ಮಾತ್ರ ಸೊನ್ನೆ.

ಎರಡನೆಯ ಆಯ್ಕೆ: ಮಾಮೂಲಿ ಕಾರು, ಎರಡು ರಾತ್ರಿ, ಡಾಂಬರು ಸುತ್ತು

ಹತ್ತರಲ್ಲಿ ಎಂಟು ಮಂದಿಗೆ ನಮ್ಮ ಸಲಹೆ ಇದೇ. ಡಾರ್ವಿನ್, ಜಬಿರು, ಯೆಲ್ಲೋ ವಾಟರ್ ಪಕ್ಕದ ಕುಯಿಂಡಾ, ಪೈನ್ ಕ್ರೀಕ್, ಮತ್ತೆ ಡಾರ್ವಿನ್. ಉಬಿರ್ ಮತ್ತು ಬುರುಂಗ್ಕುಯ್ ಅಡ್ಡದಾರಿ ಸೇರಿ ಒಟ್ಟು 800 ಕಿ.ಮೀ. ಆಸುಪಾಸು. ನಮ್ಮ ಹಾಗೆ ಎಡಗಡೆಯೇ ಓಡಿಸುವ ದೇಶ, ಇಂಗ್ಲಿಷ್‌ನಲ್ಲಿರುವ ಭಾರತದ ಲೈಸೆನ್ಸ್ ಪ್ರವಾಸಿಗಳಿಗೆ ನಡೆಯುತ್ತದೆ. ಆದರೂ ಅಂತರರಾಷ್ಟ್ರೀಯ ಪರವಾನಗಿ ಕೇಳುವ ಬಾಡಿಗೆ ಕಂಪನಿಗಳುಂಟು, ಮಾಡಿಸಿಕೊಂಡು ಬಂದರೆ ನಿಶ್ಚಿಂತೆ.

ಮೊದಲ ದಿನ ಬೆಳಿಗ್ಗೆ ಏಳಕ್ಕೆ ಹೊರಟರೆ ಫಾಗ್ ಡ್ಯಾಮ್ ನೋಡಿಕೊಂಡು, ಜಬಿರುಗೆ ಸುಮಾರು 30 ಕಿ.ಮೀ. ಮೊದಲು ಮಮುಕಲಾದ ಹಕ್ಕಿಗೂಡಾರದಲ್ಲಿ ಅರ್ಧ ಗಂಟೆ ಕೂತು, ಮಧ್ಯಾಹ್ನ ಬೊವಾಲಿ ಮಾಹಿತಿ ಕೇಂದ್ರ ತಲುಪಬಹುದು. ಯಾವ ದಾರಿ ತೆರೆದಿದೆ ಎಂಬ ಆ ದಿನದ ಪಟ್ಟಿ ಅಲ್ಲಿ ಸಿಗುತ್ತದೆ. ಸಂಜೆ ನಾಲ್ಕಕ್ಕೆ ಉಬಿರ್, ಜಬಿರುವಿನಿಂದ 40 ಕಿ.ಮೀ. ಚಿತ್ರಗಳ ಸುತ್ತು ಒಂದು ಕಿಲೋಮೀಟರ್ ಅಷ್ಟೆ, ಬಹುಪಾಲು ಸಮತಟ್ಟು. ಮೇಲಿನ ನಡಬ್ ನೋಟದ ಬಂಡೆಗೆ ಇನ್ನೊಂದು 250 ಮೀಟರ್ ಕಡಿದಾದ ಏರು.

ಉಬಿರ್‌ನ ಮುಖ್ಯ ಗ್ಯಾಲರಿ ಹೆಚ್ಚೂಕಡಿಮೆ ಊಟದ ಪಟ್ಟಿ. ಬಾರಮುಂಡಿ ಮೀನು, ಉದ್ದಕತ್ತಿನ ಆಮೆ, ಸಣ್ಣ ಕಾಂಗರೂವಿನಂಥ ವಾಲಬಿ, ಎಲ್ಲವೂ ಒಳಗಿನ ಮೂಳೆ, ಕರುಳು ಕಾಣುವ ಎಕ್ಸ್‌ರೇ ಶೈಲಿಯಲ್ಲಿ. ಅವುಗಳ ನಡುವೆ ಜೇಬಿಗೆ ಕೈಹಾಕಿ ಪೈಪ್ ಸೇದುತ್ತ ನಿಂತ ಬಿಳಿಯನೂ ಇದ್ದಾನೆ. ಎತ್ತರದ ಬಂಡೆಯ ಮೇಲೆ ಥೈಲಸೈನ್ (ಟ್ಯಾಸ್ಮೇನಿಯನ್ ಹುಲಿ) ಚಿತ್ರವಿದೆ. ಆಸ್ಟ್ರೇಲಿಯಾದ ಮುಖ್ಯ ಭೂಮಿಯಿಂದ ಆ ಪ್ರಾಣಿ ಅಳಿದು ಸುಮಾರು 3,000 ವರ್ಷವಾಗಿದೆ, ಹಾಗಾಗಿ ಚಿತ್ರವೂ ಕನಿಷ್ಠ ಅಷ್ಟು ಹಳೆಯದು. ದುರ್ಬೀನು ತನ್ನಿ, ಬರಿಗಣ್ಣಿಗೆ ಇದು ತಪ್ಪಿಹೋಗುತ್ತದೆ. ಒಣಗಾಲದಲ್ಲಿ ರೇಂಜರ್‌ಗಳು ಉಚಿತವಾಗಿ ವಿವರಣೆ ಕೊಡುತ್ತಾರೆ. ಆ ಹೊತ್ತಿಗೆ ಸರಿಯಾಗಿ ಹೋಗಿ, ಇಲ್ಲದಿದ್ದರೆ ಇಲ್ಲಿನ ಸೃಷ್ಟಿಕಥೆಯ ಕಾಮನಬಿಲ್ಲಿನ ಸರ್ಪ ಬಂಡೆಯ ಮೇಲಿನ ಬರಿಯ ಗೆರೆಯಾಗಿ ಉಳಿಯುತ್ತದೆ.

ಇನ್ನು ತೊಡಕಿನ ವಿಷಯ. ನಡಬ್‌ನಿಂದ ಹಸಿರು ಬಯಲಿನ ಮೇಲೆ ಸೂರ್ಯ ಮುಳುಗುವುದನ್ನು ನೋಡಲು ಎಲ್ಲರೂ ಬರುತ್ತಾರೆ. ಆದರೆ ನಾರ್ದರ್ನ್ ಟೆರಿಟರಿಯ ಅನೇಕ ಬಾಡಿಗೆ ಕರಾರುಗಳಲ್ಲಿ ಊರ ಹೊರಗೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಓಡಿಸಿದರೆ ವಿಮೆ ಇಲ್ಲ ಎಂದು ಬರೆದಿರುತ್ತದೆ. ಕಾರಣ ವಾಲಬಿ ಮತ್ತು ಕಾಡುಬಿದ್ದ ಎಮ್ಮೆ. ಎಮ್ಮೆಗೆ ಗುದ್ದಿದರೆ ಕಾರು ಉಳಿಯುವುದಿಲ್ಲ. ಜಬಿರುಗೆ ಮರಳುವ 40 ಕಿ.ಮೀ. ಪೂರ್ತಿ ಕತ್ತಲು. ಇದಕ್ಕೆ ಪರಿಹಾರ ಮೂರು. ಉಬಿರ್‌ಗೆ ತೀರ ಹತ್ತಿರದ ಮರ್ಲ್ ಶಿಬಿರದಲ್ಲಿ ಡೇರೆ ಹಾಕುವುದು. ಇದು ಅಗ್ಗ, ಆದರೆ ಸೊಳ್ಳೆಗೆ ಕುಖ್ಯಾತ. ಅಥವಾ ಸಂಜೆಗೆ ಮಾತ್ರ ಜಬಿರುವಿನಿಂದ ಹೊರಡುವ ಟೂರ್ ಗಾಡಿ ಹತ್ತುವುದು. ಇಲ್ಲವೇ ಆರಕ್ಕೇ ಬಂಡೆ ಇಳಿದು ಹೊರಡುವುದು. ಗುರುಂಗ್ ಕಾಲದಲ್ಲಿ ಆರು ಗಂಟೆಯ ಬೆಳಕೂ ಕೆಟ್ಟದ್ದೇನಲ್ಲ.

ಎರಡನೆಯ ದಿನ ಬೆಳಿಗ್ಗೆ ಬುರುಂಗ್ಕುಯ್. ಹಳೆಯ ನಕ್ಷೆಗಳಲ್ಲಿ ನೌರ್ಲಾಂಜಿ ಎಂದಿರುತ್ತದೆ. ಒಂದೂವರೆ ಕಿಲೋಮೀಟರ್ ಸುತ್ತು. ಇಲ್ಲಿನ ಹೆಸರುವಾಸಿ ಚಿತ್ರ ಮಿಂಚಿನ ಮನುಷ್ಯ ನಮರ್ಗೋನ್. ಮೊಣಕಾಲು ಮೊಣಕೈಗೆ ಕಲ್ಲುಗೊಡಲಿ ಕಟ್ಟಿಕೊಂಡು ಮೋಡಕ್ಕೆ ಬಡಿದು ಗುಡುಗಿಸುವವನು ಅವನು. ಅನ್ಬಂಗ್ಬಂಗ್ ಗ್ಯಾಲರಿಯ ಈ ಚಿತ್ರಗಳನ್ನು 1960ರ ದಶಕದ ಮೊದಲ ಭಾಗದಲ್ಲಿ ನಯೋಂಬೊಲ್ಮಿ ಎಂಬ ಹಿರಿಯ ಕಲಾವಿದರು ಹೊಸದಾಗಿ ಬರೆದರು. ಇದನ್ನು ಕೇಳಿ "ಹಾಗಾದರೆ ಹಳೆಯದಲ್ಲವೇ" ಎಂದು ಮುಖ ಸಣ್ಣದು ಮಾಡುವವರಿದ್ದಾರೆ. ಇಲ್ಲಿನವರಿಗೆ ಮುಖ್ಯ ಬಣ್ಣದ ವಯಸ್ಸಲ್ಲ, ಬರೆಯುವ ಹಕ್ಕು ಯಾರದು ಎನ್ನುವುದು. ಕಕಾಡುವಿನಲ್ಲಿ ಸುಮಾರು 5,000 ಬಂಡೆಚಿತ್ರ ತಾಣಗಳು ದಾಖಲಾಗಿವೆ, ನಮಗೆ ತೆರೆದಿರುವುದು ಬೆರಳೆಣಿಕೆಯಷ್ಟು. ಸುಮಾರು 65,000 ವರ್ಷ ಹಿಂದಿನ ಮನುಷ್ಯವಾಸದ ಕುರುಹು ಸಿಕ್ಕಿದ ಮಜೆಡ್ಬೆಬೆ ಬಂಡೆಯಾಸರೆಗೂ ಪ್ರವಾಸಿಗಳಿಗೆ ಪ್ರವೇಶವಿಲ್ಲ.

ಜನರ ಗದ್ದಲ ಬೇಡ ಅನ್ನುವವರು ಅಲ್ಲೇ ಹತ್ತಿರದ ನಂಗುಲುವುರ್‌ಗೆ ನಡೆಯಬೇಕು. ಹೋಗಿ ಬರಲು ಮೂರೂವರೆ ಕಿಲೋಮೀಟರ್, ನೆರಳು ಕಡಿಮೆ, ತಲೆಗೆ ಒಂದೂವರೆ ಲೀಟರ್ ನೀರು ಇರಲಿ. ಲಂಗರು ಹಾಕಿದ ಯುರೋಪಿನ ಹಾಯಿಹಡಗಿನ ಚಿತ್ರ ಇರುವುದು ಇಲ್ಲಿ. ಕೊನೆಯ ತುಣುಕು ಮಣ್ಣುರಸ್ತೆ, ಕರಾರು ನೋಡಿಕೊಂಡು ಹೊರಡಿ.

ಮಧ್ಯಾಹ್ನದ ಬಿಸಿಲಿಗೆ ಕುಯಿಂಡಾದ ವರಜನ್ ಸಾಂಸ್ಕೃತಿಕ ಕೇಂದ್ರ ಸರಿಯಾದ ಜಾಗ. ರಾತ್ರಿ ಕುಯಿಂಡಾದಲ್ಲೇ ಉಳಿಯಿರಿ. ಜಬಿರುವಿನಲ್ಲೇ ಎರಡು ರಾತ್ರಿ ಇದ್ದುಬಿಡೋಣ ಅನ್ನಿಸಬಹುದು, ಹಾಗೆ ಮಾಡಬೇಡಿ. ಮೂರನೆಯ ದಿನದ ಯೆಲ್ಲೋ ವಾಟರ್ ಸೂರ್ಯೋದಯದ ದೋಣಿಗೆ ಜಬಿರುವಿನಿಂದ ಬರಬೇಕಾದರೆ 50 ಕಿ.ಮೀ.ಗೂ ಹೆಚ್ಚು ದೂರ ಕತ್ತಲಲ್ಲಿ ಓಡಿಸಬೇಕು, ಅದೇ ವಿಮೆಯ ತೊಡಕು ಇಲ್ಲೂ. ಎರಡು ಗಂಟೆಯ ದೋಣಿಗೆ ತಲೆಗೆ ನೂರು ಆಸ್ಟ್ರೇಲಿಯನ್ ಡಾಲರ್ ಮೇಲಾಗುತ್ತದೆ. ದುಬಾರಿ ನಿಜ, ಆದರೆ ಈ ಪ್ರವಾಸದಲ್ಲಿ ಕಡಿತ ಮಾಡಬಾರದ ಖರ್ಚು ಯಾವುದು ಅಂದರೆ ಇದೇ. ನೈದಿಲೆ ಎಲೆಯ ಮೇಲೆ ನಡೆಯುವ ಜಕಾನ, ಬಿಳಿಹೊಟ್ಟೆಯ ಕಡಲ ಹದ್ದು, ಮಿಂಚುಳ್ಳಿ, ಊರಿಗೆ ಹೆಸರು ಕೊಟ್ಟ ಜಬಿರು ಕೊಕ್ಕರೆ. ಈ ಜಬಿರು ಬೇರೆಯದಲ್ಲ, ಭಾರತದಲ್ಲೂ ಇರುವ ಕಪ್ಪುಕತ್ತಿನ ಕೊಕ್ಕರೆಯ ಜಾತಿಯೇ. ಮಧ್ಯಾಹ್ನದ ದೋಣಿ ಸ್ವಲ್ಪ ಅಗ್ಗ. ಮೊಸಳೆ ಅಷ್ಟೇ ಕಾಣುತ್ತದೆ, ಹಕ್ಕಿ ಕಡಿಮೆ.

ಇಬ್ಬರಿಗೆ ಖರ್ಚಿನ ಅಂದಾಜು ಹೀಗೆ. ಪ್ರವೇಶ ಒಣಗಾಲದಲ್ಲಿ ತಲೆಗೆ 40 ಡಾಲರ್, ಏಳು ದಿನ ನಡೆಯುತ್ತದೆ. ದೋಣಿ 200ರಿಂದ 250. ಪೆಟ್ರೋಲ್ ಸುಮಾರು 65 ಲೀಟರ್, ಪಾರ್ಕಿನೊಳಗಿನ ದರ ಡಾರ್ವಿನ್‌ಗಿಂತ ಜಾಸ್ತಿ. ಬಹಳ ಮಂದಿ ಮರೆಯುವ ಬಾಬ್ತು ಒಂದಿದೆ. ಅನೇಕ ಕಂಪನಿಗಳು ಇಲ್ಲಿ ದಿನಕ್ಕೆ 100 ಕಿ.ಮೀ. ಮಾತ್ರ ಉಚಿತ ಕೊಡುತ್ತವೆ. ಮೂರು ದಿನಕ್ಕೆ 300 ಕಳೆದರೆ ಉಳಿದ 500 ಕಿ.ಮೀ.ಗೆ ಕಿಲೋಮೀಟರ್‌ಗೆ 25-30 ಸೆಂಟಿನಂತೆ 125ರಿಂದ 150 ಡಾಲರ್ ಕೊನೆಯ ಬಿಲ್‌ನಲ್ಲಿ ಬಂದು ಕೂರುತ್ತದೆ. ದಿನದ ದರ ಹತ್ತು ಡಾಲರ್ ಹೆಚ್ಚಾದರೂ ಮಿತಿ ಇಲ್ಲದ ಗಾಡಿ ಸಿಕ್ಕರೆ ಅದೇ ಲಾಭ. ವಸತಿಯಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಪಾರ್ಕಿನ ಸ್ನಾನಗೃಹವಿರುವ ಶಿಬಿರಗಳಲ್ಲಿ ತಲೆಗೆ 15 ಡಾಲರ್ ಆಸುಪಾಸು, ಜುಲೈ ತಿಂಗಳ ಹೋಟೆಲ್ ಕೋಣೆಗೆ ಅದರ ಹತ್ತಾರು ಪಟ್ಟು.

ಮೂರನೆಯ ಆಯ್ಕೆ: ಫೋರ್ ವೀಲ್ ಡ್ರೈವ್, ಐದು ದಿನ

ಮೇಲಿನ ಸುತ್ತಿಗೆ ಜಿಮ್ ಜಿಮ್ ಮತ್ತು ಮಗುಕ್ ಜಲಪಾತಗಳನ್ನು ಸೇರಿಸುವುದು ಈ ಆಯ್ಕೆ. ಗಾಡಿ ಬಾಡಿಗೆ ಎರಡು ಪಟ್ಟಿಗೂ ಮೇಲೆ, ಇಂಧನ 100 ಕಿ.ಮೀ.ಗೆ 8 ಲೀಟರ್ ಇದ್ದದ್ದು 13-14 ಆಗುತ್ತದೆ. ಇಷ್ಟು ಖರ್ಚು ಸಾರ್ಥಕವಾಗುವ ಕಿಟಕಿ ಚಿಕ್ಕದು, ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ. ಅದಕ್ಕೂ ಮೊದಲು ದಾರಿ ತೆರೆಯುವ ಖಾತ್ರಿಯಿಲ್ಲ. ಮಳೆನೀರು ಇಳಿದು, ರಸ್ತೆ ಸರಿಮಾಡಿ, ಮಡುವಿನಲ್ಲಿ ಉಪ್ಪುನೀರ ಮೊಸಳೆ ಉಳಿದಿದೆಯೇ ಎಂದು ಬೋನು ಇಟ್ಟು, ರಾತ್ರಿ ಬೆಳಕು ಹಾಯಿಸಿ ಪರೀಕ್ಷಿಸಿದ ಮೇಲೆ ಗೇಟು ತೆಗೆಯುತ್ತಾರೆ. ಆಗಸ್ಟ್ ಕಳೆದರೆ ಧಾರೆ ನೂಲಾಗುತ್ತದೆ.

ಕಕಾಡು ಹೆದ್ದಾರಿಯಿಂದ ಜಿಮ್ ಜಿಮ್‌ಗೆ 60 ಕಿ.ಮೀ. ಮೊದಲ 50 ಗೀರುಗೀರಾದ ಮಣ್ಣುರಸ್ತೆ, ಕೊನೆಯ 10 ಮರಳು, ಬೇರು, ಹಳ್ಳ. ಗೀರುರಸ್ತೆಗೆ ಟೈರ್ ಗಾಳಿಯನ್ನು 28 ಪಿಎಸ್‌ಐ ಸುತ್ತ ಇಳಿಸಿ, ಮರಳಿಗೆ 20-22ಕ್ಕೆ ತನ್ನಿ, ಲೋ ರೇಂಜ್ ಗೇರ್ ಹಾಕಿ. ಇಳಿಸದೆ ಹೋದವರು ಮರಳಲ್ಲಿ ಹೂತುಕೊಳ್ಳುತ್ತಾರೆ, ಇಳಿಸಿ ಮರೆತವರು ಡಾಂಬರಿನಲ್ಲಿ ವೇಗವಾಗಿ ಓಡಿಸಿ ಟೈರ್ ಸುಡುತ್ತಾರೆ. ಗಾಳಿ ತುಂಬುವ ಕಂಪ್ರೆಸರ್ ಜೊತೆಗಿರಲಿ. ಗಾಡಿ ನಿಲ್ಲಿಸಿದ ಮೇಲೆ ಸುಮಾರು ಒಂದು ಕಿಲೋಮೀಟರ್ ದಾರಿ, ಅದರಲ್ಲೂ ಕೊನೆಯದು ಕಾರಿನಷ್ಟು ದೊಡ್ಡ ಬಂಡೆಗಳ ಮೇಲೆ ಹತ್ತಿ ಇಳಿಯುವುದು. ವಯಸ್ಸಾದ ತಂದೆತಾಯಿ, ಪುಟ್ಟ ಮಕ್ಕಳು ಇದ್ದರೆ ಬೇಡ. ಸುಮಾರು 200 ಮೀಟರ್ ಎತ್ತರದ ಗೋಡೆಯ ಬುಡದಲ್ಲಿ ನಿಲ್ಲುವುದು ಅದಕ್ಕೆ ಸಿಗುವ ಪ್ರತಿಫಲ.

ಅಲ್ಲಿಂದ ಮುಂದಿನ ಟ್ವಿನ್ ಫಾಲ್ಸ್‌ಗೆ ಆಳದ ಹೊಳೆ ದಾಟಬೇಕು, ಸ್ನಾರ್ಕೆಲ್ (ಎಂಜಿನ್‌ಗೆ ಗಾಳಿ ಎಳೆಯುವ ಎತ್ತರದ ಕೊಳವೆ) ಇಲ್ಲದ ಗಾಡಿ ತೆಗೆದುಕೊಂಡು ಹೋಗಬೇಡಿ. ಬಹಳ ಬಾಡಿಗೆ ಕರಾರುಗಳು ಆ ದಾಟನ್ನು ಹೆಸರಿಟ್ಟೇ ನಿಷೇಧಿಸುತ್ತವೆ. ಕರಾರಿನಲ್ಲಿ "ಎಸ್‌ಯುವಿ" ಎಂದಿದ್ದರೆ ಅದು ಡಾಂಬರಿಗೆ ಮಾತ್ರ ಎಂದು ತಿಳಿಯಿರಿ. ಜಿಮ್ ಜಿಮ್ ದಾರಿಗೆ ಅನುಮತಿ ಇದೆಯೇ ಎಂದು ಹೆಸರು ಹೇಳಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಕೌಂಟರ್‌ನಲ್ಲಿ ತಲೆಯಾಡಿಸಿದ್ದು ವಿಮೆಯ ಮುಂದೆ ನಿಲ್ಲುವುದಿಲ್ಲ.

ಮಗುಕ್ ಇದಕ್ಕಿಂತ ಸರಳ. ಹನ್ನೆರಡು ಕಿಲೋಮೀಟರ್ ಮೀರಿದ ಮಣ್ಣುದಾರಿ, ಒಂದು ಕಿಲೋಮೀಟರ್ ನಡಿಗೆ, ಒಣಗಾಲ ಪೂರ್ತಿ ಹರಿಯುವ ಸಣ್ಣ ಜಲಪಾತ. ಹಳೆಯ ಮಾರ್ಗದರ್ಶಿಗಳು ಗುನ್ಲೋಮ್ ತುದಿಯ ಕೊಳವನ್ನು ಬಾಯ್ತುಂಬ ಹೊಗಳುತ್ತವೆ. ಪವಿತ್ರ ತಾಣಕ್ಕೆ ತೀರ ಸಮೀಪ ಪಾರ್ಕಿನವರು ಕಾಲುದಾರಿ ಕಟ್ಟಿದ ವಿವಾದದಿಂದ 2019ರಲ್ಲಿ ಅದನ್ನು ಮುಚ್ಚಲಾಯಿತು, ವರ್ಷಗಟ್ಟಲೆ ಮುಚ್ಚೇ ಇತ್ತು. ಅದನ್ನು ನಂಬಿಕೊಂಡು ದಿನ ಎಣಿಸಬೇಡಿ.

ಗಾಡಿ ಬಾಡಿಗೆ ಪೂರ್ತಿ ದಂಡ ಅನ್ನಿಸಿದರೆ, ಕಾರಿನಲ್ಲೇ ಹೋಗಿ ಒಂದು ದಿನ ಮಾತ್ರ ಜಿಮ್ ಜಿಮ್ ಟೂರ್ ಸೇರಿಕೊಳ್ಳುವುದು ನಡುದಾರಿ. ಲೆಕ್ಕ ಹಾಕಿದರೆ ಇಬ್ಬರಿಗೆ ಇದೇ ಅಗ್ಗ. ನಾಲ್ಕು ಜನರಿದ್ದರೆ ಸ್ವಂತ ಬಾಡಿಗೆ ಗಾಡಿ ಗೆಲ್ಲುತ್ತದೆ.

ನಾಲ್ಕನೆಯ ಆಯ್ಕೆ: ವಾರದ ದೊಡ್ಡ ಸುತ್ತು

ಪೈನ್ ಕ್ರೀಕ್‌ನಿಂದ ಡಾರ್ವಿನ್‌ಗೆ ತಿರುಗದೆ ದಕ್ಷಿಣಕ್ಕೆ 90 ಕಿ.ಮೀ. ಇಳಿದು ಕ್ಯಾಥರಿನ್, ಅಲ್ಲಿಂದ ನಿಟ್ಮಿಲುಕ್ ಕೊರಕಲು, ಮರಳುವಾಗ ಲಿಚ್‌ಫೀಲ್ಡ್ ರಾಷ್ಟ್ರೀಯ ಉದ್ಯಾನ. ಒಟ್ಟು ಸುಮಾರು 1,100 ಕಿ.ಮೀ., ಎಲ್ಲವೂ ಡಾಂಬರು. ಇದರ ದೊಡ್ಡ ಆಕರ್ಷಣೆ ಈಜು. ಕಕಾಡುವಿನಲ್ಲಿ ಧೈರ್ಯವಾಗಿ ನೀರಿಗಿಳಿಯುವ ಜಾಗ ಕಡಿಮೆ. ಲಿಚ್‌ಫೀಲ್ಡ್‌ನ ಫ್ಲೊರೆನ್ಸ್ ಜಲಪಾತ, ಬುಲಿ ರಾಕ್‌ಹೋಲ್, ವಾಂಗಿ ಒಣಗಾಲದಲ್ಲಿ ಸಾಮಾನ್ಯವಾಗಿ ತೆರೆದಿರುತ್ತವೆ, ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ನೀರು. ಮಕ್ಕಳಿರುವ ಕುಟುಂಬಕ್ಕೆ ಇದೇ ಸರಿ. ನಿಟ್ಮಿಲುಕ್ ದೋಣಿಯಲ್ಲಿ ಜಾವೊಯ್ನ್ ಜನರ ಬಂಡೆಚಿತ್ರವೂ ಕಾಣುತ್ತದೆ. ಉಬಿರ್ ನೋಡಿದವರಿಗೆ ಅದು ಸಣ್ಣದೆನಿಸಿದರೂ ಕೊರಕಲು ಸಣ್ಣದಲ್ಲ.

ಗಮನಿಸಿ: ಕಕಾಡು ಪಾಸು ಇಲ್ಲಿ ನಡೆಯುವುದಿಲ್ಲ. ಲಿಚ್‌ಫೀಲ್ಡ್, ನಿಟ್ಮಿಲುಕ್‌ಗಳಿಗೆ ಟೆರಿಟರಿ ಸರ್ಕಾರದ ಬೇರೆ ಪಾಸು ಬೇಕು, 2023ರಿಂದ ಹೊರಗಿನವರಿಗೆ ಕಡ್ಡಾಯ. ಏಳು ದಿನಕ್ಕಿಂತ ಕಡಿಮೆ ಇದ್ದರೆ ಈ ಸುತ್ತು ಬೇಡ, ಬರಿ ಗಾಡಿ ಓಡಿಸಿದ್ದೇ ನೆನಪಾಗಿ ಉಳಿಯುತ್ತದೆ. ಐದೇ ದಿನ ಇದ್ದರೆ ಕ್ಯಾಥರಿನ್ ಬಿಟ್ಟು ಲಿಚ್‌ಫೀಲ್ಡ್ ಇಟ್ಟುಕೊಳ್ಳಿ.

ಚಿತ್ರಕ್ಕೇ ಬಂದವರಿಗೆ: ನದಿಯಾಚೆ

ಬಂಡೆಚಿತ್ರವೇ ಮುಖ್ಯ ಅನ್ನುವವರು ಉಳಿದ ಆಯ್ಕೆಗಳ ಜಗಳ ಬಿಟ್ಟು, ಎರಡನೆಯ ಆಯ್ಕೆಗೆ ಮೂಲನಿವಾಸಿಗಳ ಒಡೆತನದ ಆರ್ನೆಮ್ ಲ್ಯಾಂಡ್‌ನ ಒಂದು ದಿನ ಸೇರಿಸಿಕೊಳ್ಳಿ. ಈಸ್ಟ್ ಅಲಿಗೇಟರ್ ನದಿಯಾಚೆಯ ಗುನ್ಬಲಾನ್ಯದಲ್ಲಿ ಇಂಜಲಾಕ್ ಬೆಟ್ಟವಿದೆ. ಅಲ್ಲಿಯ ಕಲಾಕೇಂದ್ರದ ಸ್ಥಳೀಯ ಮಾರ್ಗದರ್ಶಿಯ ಜೊತೆಗೇ ಹತ್ತಬೇಕು. ಬೇಲಿ ಇಲ್ಲ, ಫಲಕ ಇಲ್ಲ, ಚಿತ್ರದ ಮೇಲೆ ಚಿತ್ರ. ಕೆಳಗೆ ಕಲಾವಿದರು ತೊಗಟೆಯ ಮೇಲೆ ಬರೆಯುವುದನ್ನು, ಬುಟ್ಟಿ ಹೆಣೆಯುವುದನ್ನು ನೋಡಿ ನೇರ ಅವರಿಂದಲೇ ಕೊಳ್ಳಬಹುದು.

ಸ್ವಂತ ಗಾಡಿಯಲ್ಲಿ ಹೋಗಲು ನಾರ್ದರ್ನ್ ಲ್ಯಾಂಡ್ ಕೌನ್ಸಿಲ್ ಪರವಾನಗಿ ಬೇಕು, ಕನಿಷ್ಠ ಎರಡು ವಾರ ಮೊದಲೇ ಅರ್ಜಿ ಹಾಕಿ. ದಾರಿಯಲ್ಲಿ ಕಾಹಿಲ್ಸ್ ಕ್ರಾಸಿಂಗ್ ದಾಟಬೇಕು. ಸಮುದ್ರದ ಉಬ್ಬರ ಇಷ್ಟು ಒಳಗೂ ನುಗ್ಗಿ ಕಾಂಕ್ರೀಟ್ ದಾಟನ್ನು ಮುಳುಗಿಸುತ್ತದೆ. ಅಂದಾಜು ತಪ್ಪಿ ಕೊಚ್ಚಿಹೋದ ಗಾಡಿಗಳಿವೆ, ಸಾವುಗಳೂ ಆಗಿವೆ. ಹೊರಗಿನವರು ಟೂರ್‌ನಲ್ಲಿ ಹೋಗುವುದೇ ಮೇಲು. ಪರವಾನಗಿ, ದಾಟು ಎರಡೂ ಅವರ ತಲೆನೋವು. ಬರಿ ದಡದ ವೇದಿಕೆಯಿಂದ ನೋಡುವುದಾದರೆ ಉಬ್ಬರ ಏರುವ ಹೊತ್ತು ನೋಡಿಕೊಂಡು ಹೋಗಿ. ನೀರಿನ ಜೊತೆ ಬರುವ ಮೀನಿಗೆ ಬಾಯಿ ತೆರೆದು ಸಾಲಾಗಿ ನಿಂತ ಮೊಸಳೆಗಳು ಪುಕ್ಕಟೆ ಕಾಣಸಿಗುತ್ತವೆ.

ಯಾವುದೇ ಆಯ್ಕೆಯಾದರೂ

ರಂಗನತಿಟ್ಟಿನಲ್ಲಿ ದೋಣಿಯ ಪಕ್ಕವೇ ಬಂಡೆ ಮೇಲೆ ಮಲಗಿದ ಮೊಸಳೆ ನೋಡಿ ಬಂದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಐದು ಮೀಟರ್ ಮೀರಿ ಬೆಳೆಯುವ ಉಪ್ಪುನೀರ ಮೊಸಳೆ ಮನುಷ್ಯನನ್ನು ಆಹಾರವೆಂದೇ ನೋಡುತ್ತದೆ, ಸಿಹಿನೀರಿನಲ್ಲೂ ಇರುತ್ತದೆ. ನೀರಿನ ಅಂಚಿನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಿ, ಡೇರೆ 50 ಮೀಟರ್ ಆಚೆ ಹಾಕಿ. ಪಾತ್ರೆ ತೊಳೆಯಲು ದಡಕ್ಕೆ ಹೋಗಬೇಡಿ, ಅದರಲ್ಲೂ ದಿನಾ ಅದೇ ಜಾಗಕ್ಕೆ.

ಸಸ್ಯಾಹಾರಿಗಳು ದಿನಸಿಯನ್ನು ಡಾರ್ವಿನ್‌ನಲ್ಲೇ ಕಟ್ಟಿಕೊಳ್ಳಬೇಕು. ಜಬಿರುವಿನ ಅಂಗಡಿ ಚಿಕ್ಕದು, ಹೋಟೆಲ್ ಪಟ್ಟಿಯಲ್ಲಿ ನಿಮಗೆಂದು ಇರುವುದು ಚಿಪ್ಸ್ ಮತ್ತು ಸಲಾಡ್. ಅವಲಕ್ಕಿ, ಚಟ್ನಿಪುಡಿ, ರೆಡಿಮಿಕ್ಸ್ ಉಪ್ಪಿಟ್ಟು, ಸಣ್ಣ ಗ್ಯಾಸ್ ಒಲೆ ಇದ್ದರೆ ಮೂರು ದಿನ ನಿಶ್ಚಿಂತೆ. ಊರಿಂದ ಉಪ್ಪಿನಕಾಯಿ, ಸಾಂಬಾರುಪುಡಿ ತರುವವರು ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಘೋಷಣೆ ಕಾರ್ಡಿನ ಮೇಲೆ ಬರೆದು ತೋರಿಸಲೇಬೇಕು. ತೋರಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಮೊಬೈಲ್‌ಗೆ ಟೆಲ್‌ಸ್ಟ್ರಾ ಜಾಲದ ಸಿಮ್ ಇರಲಿ, ಅದೂ ಊರುಗಳ ಸುತ್ತ ಮಾತ್ರ ಸಿಗುತ್ತದೆ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ಜಬಿರು, ಕುಯಿಂಡಾ, ಪೈನ್ ಕ್ರೀಕ್ ಮೂರರಲ್ಲೂ ಟ್ಯಾಂಕ್ ತುಂಬಿಸಿ. ಕುಯಿಂಡಾ ಬಿಟ್ಟ ಮೇಲೆ ಪೈನ್ ಕ್ರೀಕ್‌ವರೆಗಿನ ಸುಮಾರು 160 ಕಿ.ಮೀ.ಯಲ್ಲಿ ನಡುವೆ ಬಂಕ್ ಸಿಗುತ್ತದೆಂದು ನಂಬಬೇಡಿ.

ಕಾಯ್ದಿರಿಸುವಾಗ ಮೊದಲು ಯೆಲ್ಲೋ ವಾಟರ್ ಸೂರ್ಯೋದಯದ ದೋಣಿ, ಅದರ ಹಿಂದಿನ ರಾತ್ರಿಗೆ ಕುಯಿಂಡಾ ಕೋಣೆ, ಆಮೇಲೆ ಗಾಡಿ, ಕೊನೆಗೆ ವಿಮಾನ. ಜುಲೈಗಾದರೆ ಮೂರ್ನಾಲ್ಕು ತಿಂಗಳು ಮುಂಚೆ, ಸೆಪ್ಟೆಂಬರ್‌ಗಾದರೆ ಒಂದೆರಡು ತಿಂಗಳು ಸಾಕು. ಹೊರಡುವ ಹಿಂದಿನ ಸಂಜೆ ಪಾರ್ಕಿನ ಜಾಲತಾಣದಲ್ಲಿ ತೆರೆದ ದಾರಿಗಳ ಪಟ್ಟಿ ನೋಡಿ. ಜಿಮ್ ಜಿಮ್ ಮುಚ್ಚಿದೆ ಎಂದಿದ್ದರೆ ಆ ದಿನವನ್ನು ನಂಗುಲುವುರ್‌ಗೂ ಎರಡನೇ ಬಾರಿ ಮಮುಕಲಾಗೂ ಕೊಡಿ.